ಪಾಪರ್ ಪಟ್ಟಿಯಲ್ಲಿ ಬೀಗರೂಟ

ಮದ್ದೂರಿನ ಬಿಸಿಲಿಗೆ ದೇವರು ಬಾಡಿಗೆ ಕೇಳುವುದಿಲ್ಲ. ಆ ಬಿಸಿಲು ತಲೆಗೆ ಬೀಳದಂತೆ ಮೇಲೊಂದು ಬಟ್ಟೆ ಕಟ್ಟಿದ್ದಕ್ಕೆ ಶಾಮಿಯಾನ ಶಿವರಾಜು ಕೇಳುತ್ತಿದ್ದ. ಬಿಸಿಲು ದೇವರದು, ನೆರಳು ನನ್ನದು ಎಂಬ ಈ ಪಾಲುದಾರಿಕೆಯಲ್ಲಿ ಬಹಳ ವರ್ಷ ಯಾರಿಗೂ ನಷ್ಟವಾಗಿರಲಿಲ್ಲ. ಮದ್ದೂರಿನಿಂದ ಮಳವಳ್ಳಿಯವರೆಗೆ ಯಾರ ಮನೆಗೆ ಸೊಸೆ ಬಂದರೂ, ಯಾರ ಮನೆಯಿಂದ ಅಜ್ಜ ಹೋದರೂ, ಮೊದಲು ಬಾಗಿಲಿಗೆ ಬಂದು ನಿಲ್ಲುತ್ತಿದ್ದುದು ಶಿವರಾಜುವಿನ ಗೂಡ್ಸ್ ಆಟೋ.

ಕೆಟ್ಟದ್ದು ಮಗ ಶಶಿಧರನ ಮದುವೆ ಗೊತ್ತಾದಾಗ. "ಶಾಮಿಯಾನದೋನ ಮಗನ ಮದ್ವೆಗೂ ಅದೇ ಹಳೇ ಪಟ್ಟೆ ಬಟ್ಟೇನಾ?" ಎಂದು ಯಾರೋ ಟೀ ಕುಡಿಯುತ್ತಾ ಅಂದರು. ಅಂದವರು ಟೀ ಮುಗಿಸಿ ಹೋದರು. ಶಿವರಾಜು ಮಾತ್ರ ಆ ಮಾತನ್ನು ಕುಡಿದು ಕೂತ. ಫೈನಾನ್ಸಿನಲ್ಲಿ ಸಾಲ ಎತ್ತಿ ಏಸಿ ಶಾಮಿಯಾನ ತಂದ. ಮಂಡ್ಯದ ಪೀರ್ ಪಾಷಾ ಅವರ ಅಂಗಡಿಯಿಂದ ನಾನೂರು ಮಖಮಲ್ಲಿನ ಕುರ್ಚಿಯನ್ನು ಉದ್ದರಿ ತಂದ. ಮದುವೆ ದಿನ ಮಂಟಪ ಎಷ್ಟು ತಣ್ಣಗಿತ್ತೆಂದರೆ ಪುರೋಹಿತರು ಹೇಳಿದ ಮಂತ್ರವೆಲ್ಲ ನಡುಗುತ್ತಾ ಬಂದು, ಪ್ರತಿ ಅಕ್ಷರಕ್ಕೂ ಒಂದೊಂದು ಒತ್ತಕ್ಷರ ಹೆಚ್ಚಾಗಿ ಸೇರಿಕೊಂಡಿತು. ಹಲಗೂರಿನಿಂದ ಬಂದಿದ್ದ ಮದುವಣಗಿತ್ತಿಯ ಅಜ್ಜಿ ಮುದ್ದಮ್ಮ ಕೆಳಗೆ ಹಾಸಿದ್ದ ಜಮಖಾನವನ್ನೇ ಎಳೆದು ಹೊದ್ದುಕೊಂಡು, "ಇದೇನ್ ಧಾರೆ ಮಂಟ್ಪವೋ, ಎಣ ಮಡುಗೋ ಪೆಟ್ಗೆಯೋ?" ಎಂದು ಕೇಳಿದಳು.

ಮದುವೆಯೇನೋ ಆಯಿತು. ಆದರೆ ಈ ಸೀಮೆಯಲ್ಲಿ ಮದುವೆ ಎಂಬುದು ಬರೀ ಮುನ್ನುಡಿ. ಗಂಡಿನ ಕಡೆಯವರು ಹೆಣ್ಣಿನ ಕಡೆಯವರನ್ನು ಕರೆದು, ಮರಿ ಕಡಿದು, ಮುದ್ದೆಯ ಜೊತೆ ಬಡಿಸಿ, ಅವರು ಬೆರಳು ಚೀಪುವುದನ್ನು ಕಣ್ಣಾರೆ ನೋಡುವವರೆಗೆ ಎರಡೂ ಕಡೆಯವರು ಬೀಗರಲ್ಲ, ಬರೀ ಪರಿಚಯಸ್ಥರು. ಶಿವರಾಜುವಿನ ದುರದೃಷ್ಟಕ್ಕೆ ಬೀಗರೂಟದ ಹಿಂದಿನ ದಿನವೇ ದಾಯಾದಿ ಅಜ್ಜನೊಬ್ಬ ತೀರಿಕೊಂಡು ಸೂತಕ ಬಂತು. ಊರಿಗೆ ಹೊರಟು ನಿಂತಿದ್ದ ಬೀಗರ ಮುಂದೆ ಶಿವರಾಜು ಮೈಕ್ ಹಿಡಿದು, "ಬೀಗ್ರೆಲ್ಲ ಬೇಜಾರ್ ಮಾಡ್ಕಬ್ಯಾಡಿ. ಬೀಗ್ರೂಟ ಮಾಡೇ ಮಾಡ್ತೀನಿ. ಇದು ಈ ಸಿವರಾಜನ ಮಾತು!" ಎಂದ. ಮೈಕು ಅವನದೇ ಆದ್ದರಿಂದ ಮಾತು ಬಸ್ ಸ್ಟ್ಯಾಂಡಿನವರೆಗೂ ಕೇಳಿಸಿತು.

ಸೂತಕ ಕಳೆಯುವಷ್ಟರಲ್ಲಿ ಆಷಾಢ ಬಂತು. ಆಷಾಢ ಹೋಯಿತು, ಶ್ರಾವಣ ಬಂತು. ಶ್ರಾವಣದಲ್ಲಿ ಮರಿ ಕಡಿಯುವಂತಿಲ್ಲ. ಕಡಿಯಬಹುದಾದ ತಿಂಗಳು ಬರುವ ಹೊತ್ತಿಗೆ ದುಡ್ಡು ಹೋಗಿತ್ತು. ಏಸಿ ಶಾಮಿಯಾನಕ್ಕೆ ಸಿಕ್ಕ ಮೊದಲ ಗಿರಾಕಿ ವೈದ್ಯನಾಥಪುರದ ಅಜ್ಜನೊಬ್ಬನ ತಿಥಿ ಊಟ. ಶಿವರಾಜು ಕಂಬದಿಂದ ನೇರವಾಗಿ ಕರೆಂಟು ಎಳೆದ. ಮಿಷನ್ನು ಒಮ್ಮೆ ಗುಡುಗಿತು. ಊರಿನ ಟ್ರಾನ್ಸ್‌ಫಾರ್ಮರ್ರೂ ಅಜ್ಜನ ಹಿಂದೆಯೇ ಹೋಯಿತು. ಸರ್ಕಾರದಿಂದ ದಂಡ ಬಿತ್ತು. ಫೈನಾನ್ಸಿನವರು ಮಿಷನ್ನು ಹೊತ್ತುಕೊಂಡು ಹೋದರು. ಪೀರ್ ಪಾಷಾ ಕುರ್ಚಿ ದುಡ್ಡಿಗೆ ದಾವಾ ಹೂಡಿ ಗೆದ್ದರು. ಮಗನಿಗೆ ಡಿಗ್ರಿ ಕೈಗೆ ಬಂದಾಗ ಅಪ್ಪ ಲಾಡು ಹಂಚಿದ್ದ. ಅಪ್ಪನಿಗೆ ಕೋರ್ಟಿನಿಂದ ಡಿಕ್ರಿ ಬಂದಾಗ ಮಗ ಏನು ಹಂಚಬೇಕೆಂದು ತಿಳಿಯದೆ ಅಂಗಡಿಯ ಶಟರ್ ಎಳೆದ.

ಹಣ ಕಟ್ಟದಿದ್ದರೆ ಸಿವಿಲ್ ಜೈಲು ಎಂದು ಯಾರೋ ಹೆದರಿಸಿದ ಮೇಲೆ ಶಿವರಾಜು ವಕೀಲ ರಘುನಂದನ್ ಬಳಿಗೆ ಓಡಿದ. ರಘುನಂದನ್ ಯುವಕ. ಮಾತಾಡುವಾಗ ಎದುರಿಗಿರುವವರನ್ನು ಬಿಟ್ಟು ಗೋಡೆಯ ಕ್ಯಾಲೆಂಡರನ್ನು ನೋಡುವುದು ಅವನ ಪದ್ಧತಿ. ಕ್ಯಾಲೆಂಡರು ಎಂದೂ ಎದುರು ಪ್ರಶ್ನೆ ಹಾಕಿದ್ದಿಲ್ಲ.

"ದಿವಾಳಿ ಅರ್ಜಿ ಹಾಕೋಣ ಶಿವರಾಜು ಅವರೇ."

"ಪಾಪರ್ ಚೀಟಿನಾ ಸಾರ್?"

"ಜನ ಹಾಗಂತಾರೆ. ಹೊಟ್ಟೆಪಾಡಿನ ಆಟೋ, ಪಟ್ಟೆ ಬಟ್ಟೆ ಬಿಟ್ಟು ನಿಮ್ಮ ಹತ್ರ ಇರೋದನ್ನೆಲ್ಲ ಕೋರ್ಟಿಗೆ ಒಪ್ಪಿಸ್ತೀರಿ. ಕೋರ್ಟು ಅದನ್ನ ಮಾರಿ, ಸಾಲ ಕೊಟ್ಟವರಿಗೆಲ್ಲ ಅವರವರ ಪಾಲು ಹಂಚುತ್ತೆ. ಆಮೇಲೆ ಬಿಡುಗಡೆ ಆದೇಶ ಬಂದರೆ ಉಳಿದದ್ದು ಅಳಿಸಿಹೋಗುತ್ತೆ."

"ಪಾಷಾ ಸಾಹೇಬ್ರುದು ಕೋರ್ಟ್ ತೀರ್ಪಲ್ವಾ ಸಾರ್? ಕೋರ್ಟ್ ಬರ್ದಿದ್ದ ಕೋರ್ಟೇ ಅಳ್ಸದಾ?"

"ತೀರ್ಪಾದರೂ ಒಳಗಿರೋದು ಕುರ್ಚಿ ಸಾಲ ತಾನೇ? ಅಳಿಸುತ್ತೆ. ಸರ್ಕಾರದ ದಂಡ ಮಾತ್ರ ಅಳಿಯಲ್ಲ. ಹೆಂಡತಿಗೆ ಜೀವನಾಂಶ ಕೊಡೋಕಿದ್ರೆ ಅದೂ ಅಳಿಯಲ್ಲ."

"ನಮ್ ಯಸೋದನ ಯಾವ್ ಕೋರ್ಟೂ ಅಳ್ಸಕ್ಕಾಗಕಿಲ್ಲ ಬುಡಿ ಸಾರ್."

"ಎಲ್ಲಕ್ಕಿಂತ ಮುಖ್ಯ, ಮೋಸ. ಮೋಸದ ಸಾಲಕ್ಕೆ ಬಿಡುಗಡೆ ಇಲ್ಲ. ಯಾರಿಗೆ ಏನು ಕೊಡಬೇಕು, ಒಂದೂ ಬಿಡದೆ ಬರೆಸಿ. ಒಂದು ಮುಚ್ಚಿಟ್ರೂ ಇಡೀ ಅರ್ಜಿ ಕೆಡುತ್ತೆ." ಕ್ಯಾಲೆಂಡರಿಗೆ ಇಷ್ಟು ಹೇಳಿ ರಘುನಂದನ್ ಮಳವಳ್ಳಿಯ ಬಸ್ಸು ಹತ್ತಿದ.

ಶಿವರಾಜು ಕೋರ್ಟಿನ ಮುಂದೆ ಹೊಂಗೆ ಮರದಡಿ ಕೂತಿದ್ದ ಟೈಪಿಸ್ಟನ ಎದುರು ಕುಕ್ಕರಗಾಲಲ್ಲಿ ಕೂತ. ಸಾಲಗಳ ಸಾಲು ಶುರುವಾಯಿತು. ಫೈನಾನ್ಸು. ಪೀರ್ ಪಾಷಾ. ಸರ್ಕಾರದ ದಂಡ. ಪಾತ್ರೆಗೆ ಕಲಾಯಿ ಹಾಕಿದವನು. ಎಲ್ಲ ಮುಗಿದು ಟೈಪಿಸ್ಟು ಹಾಳೆ ಎಳೆಯುವುದರಲ್ಲಿದ್ದ. ಆಗ ಶಿವರಾಜುವಿನ ಪ್ರಾಮಾಣಿಕತೆ ಹಾಳೆಯ ಮೇಲೆ ಕೈ ಇಟ್ಟಿತು.

"ತಡೀರಿ ಸ್ವಾಮಿ. ಇನ್ನೊಂದದೆ. ಅಲಗೂರಿನ ಬೀಗ್ರು ಚಿಕ್ಕಣ್ಣೋರ್ಗೆ ಒಂದು ಬೀಗ್ರೂಟ."

ಟೈಪಿಸ್ಟನ ಬೆರಳು ಗಾಳಿಯಲ್ಲಿ ನಿಂತಿತು. "ಅದು ಸಾಲವಾ?"

"ಮೈಕಲ್ಲಿ ಏಳಿವ್ನಿ ಸ್ವಾಮಿ. ಮುಚ್ಚಿಟ್ರೆ ಮೋಸ ಅಂತ ಲಾಯರು ಏಳವ್ರೆ."

ಟೈಪಿಸ್ಟು ತನ್ನ ಕಾಲದಲ್ಲಿ ಇದಕ್ಕಿಂತ ವಿಚಿತ್ರವಾದದ್ದನ್ನೂ ಟೈಪು ಮಾಡಿದ್ದ. "ಮೌಲ್ಯ ಎಷ್ಟು? ಕಾಲಂ ಖಾಲಿ ಬಿಡಂಗಿಲ್ಲ."

ಹೆಚ್ಚು ಬರೆಸಿದರೆ ಕೋರ್ಟಿನವರು ಇವನಿಗೆಷ್ಟು ಸೊಕ್ಕು ಎಂದಾರೆಂದು ಶಿವರಾಜು ಅಳುಕಿದ. "ಅದಿನೈದು ಸಾವ್ರ ಆಕ್ಬುಡಿ."

"ಎಷ್ಟು ಜನಕ್ಕೆ?"

"ಇನ್ನೂರು."

ಟಕ ಟಕ ಟಕ. ಸಂಜೆ ರಘುನಂದನ್ ಬಂದು, ಹಾಳೆಯನ್ನು ಬಿಟ್ಟು ಮರವನ್ನು ನೋಡುತ್ತಾ ಸಹಿ ಹಾಕಿದ.

ಕೋರ್ಟಿಗೊಂದು ಒಳ್ಳೆಯ ಗುಣವಿದೆ. ಅರ್ಜಿಯಲ್ಲಿ ಹೆಸರಿದ್ದ ಸಾಲದಾತರಿಗೆಲ್ಲ ಅದು ಭೇದ ಮಾಡದೆ ನೋಟಿಸು ಕಳಿಸುತ್ತದೆ. ಹಾಗಾಗಿ ಮರುವರ್ಷದ ಗೌರಿ ಹಬ್ಬ ಕಳೆದ ಮೂರನೆಯ ದಿನ ಕೋರ್ಟಿನ ಅಮೀನ ಹಲಗೂರಿಗೆ ಬಂದಿಳಿದು, "ಗೊಬ್ಬರದಂಗಡಿ ಚಿಕ್ಕಣ್ಣ ಯಾರು?" ಎಂದು ಬಸ್ ಸ್ಟ್ಯಾಂಡಿನಲ್ಲಿ ಕೂಗಿದ. ಚಿಕ್ಕಣ್ಣನಿಗೆ ನೋಟಿಸು ತಲುಪುವ ಮೊದಲೇ ಸುದ್ದಿ ತಲುಪಿತು. ಮೊದಲ ಹೋಟೆಲಿನಲ್ಲಿ ಅದು "ಬೀಗರು ನೋಟಿಸ್ ಕಳ್ಸವ್ರೆ" ಎಂದಿತ್ತು; ಎರಡನೆಯ ಹೋಟೆಲಿನಲ್ಲಿ "ಬೀಗರು ಕೇಸ್ ಜಡ್ದವ್ರೆ" ಆಯಿತು; ಗೊಬ್ಬರದಂಗಡಿ ಮುಟ್ಟುವಾಗ "ಚಿಕ್ಕಣ್ಣನ್ನ ಇಡ್ಕೊಂಡೋಗಕ್ಕೆ ಬಂದವ್ರೆ" ಆಗಿತ್ತು. ಚಿಕ್ಕಣ್ಣ ಒಬ್ಬ ಗಿರಾಕಿಗೆ ಯೂರಿಯಾ ತೂಗುತ್ತಿದ್ದವನು ತಕ್ಕಡಿಯ ಸಮೇತ ಒಳಗೆ ಹೋದ.

ಹಬ್ಬಕ್ಕೆ ತವರಿಗೆ ಬಂದಿದ್ದ ಮಗಳು, ಶಶಿಧರನ ಹೆಂಡತಿ ರಂಜಿತ ನೋಟಿಸು ಓದಿದಳು. ಅವಳು ಬಿಕಾಂ ಮಾಡಿದ್ದಳು. ಬಾಗಿಲಲ್ಲಿ ಅರ್ಧ ಹಲಗೂರು ನಿಂತಿತ್ತು.

"ಅರ್ಜಿದಾರರು ತಮಗೆ ಕೊಡಬೇಕಾದ ಬಾಕಿ: ಬೀಗರೂಟ, ಒಂದು. ಜನ ಇನ್ನೂರು. ಅಂದಾಜು ಮೌಲ್ಯ ಹದಿನೈದು ಸಾವಿರ. ಈ ಬಾಕಿಯಿಂದ ಬಿಡುಗಡೆ ಕೋರಿ ಅರ್ಜಿ ಸಲ್ಲಿಸಿರುವುದರಿಂದ, ತಕರಾರಿದ್ದರೆ ಹಾಜರಾಗತಕ್ಕದ್ದು."

ಬಾಗಿಲಲ್ಲಿದ್ದ ಹಲಗೂರು ಒಂದು ಹೆಜ್ಜೆ ಒಳಗೆ ಬಂತು.

"ಉಣ್ಣಕ್ ಇಕ್ಕಕಿಲ್ಲ ಅಂತ ಕೋರ್ಟಲ್ಲಿ ಬರ್ಸವ್ನಾ?" ಮುದ್ದಮ್ಮ ಎದ್ದು ನಿಂತಳು. "ಇಕ್ಕದಿದ್ರೆ ಇಕ್ಕಬ್ಯಾಡ ಅನ್ನು. ಅದ್ಕೆ ಜಡ್ಜ್ ಸಾಹೇಬ್ರ ಕೈಲಿ ರುಜು ಆಕುಸ್ಬೇಕಾ?"

ಚಿಕ್ಕಣ್ಣ ಮನಸ್ಸಿನಲ್ಲೇ ಭಾಗಾಕಾರ ಮಾಡಿ ಕೆಂಪಗಾದ. ಸ್ಪೀಕರು ಹಾಕಿ ಫೋನು ಒತ್ತಿದ.

"ಏನ್ ಬೀಗ್ರೇ, ನಮ್ಮುನ್ನ ಕೋರ್ಟಿಗೆ ಎಳ್ದ್ರಲ್ಲ!"

"ಅಯ್ಯೋ, ನಿಮ್ಗೆ ಅನ್ಯಾಯ ಆಗ್ಬಾರ್ದು ಅಂತ್ಲೇ ಬರ್ಸಿದ್ದು ಬೀಗ್ರೇ!"

"ಅನ್ಯಾಯ ಆಗ್ಬಾರ್ದು ಅಂತ ತಲೆಗೆ ಎಪ್ಪತ್ತೈದು ರುಪಾಯಾ? ಎಪ್ಪತ್ತೈದು ರುಪಾಯ್ಗೆ ಮರಿ ಉಣ್ಣಕ್ಕಿಕ್ತೀರೋ, ಮರಿ ಪೋಟೋ ತೋರ್ಸಿ ಕಳಿಸ್ತೀರೋ?"

"ಕಾಲಂ ಖಾಲಿ ಬಿಡಂಗಿಲ್ಲ ಅಂದ್ರು ಬೀಗ್ರೇ..."

"ಬಿಡಂಗಿಲ್ವಾ? ಸರಿ. ಬೀಗ್ರೂಟ ಉಣ್ಣದೆ ನಮ್ಮುಡ್ಗಿ ಈ ಹೊಸ್ಲು ದಾಟಕಿಲ್ಲ. ಇದ್ನೂ ಒಂದ್ ಕಾಲಮ್ಮಲ್ಲಿ ಬರ್ಸ್ಕಳಿ!"

ಹೀಗೆ ಬೀಗರು ಬಾಗಿಲಿಗೆ ಬೀಗ ಹಾಕಿದರು.

ಮದ್ದೂರಿನ ಮನೆಯಲ್ಲಿ ಮೌನ ಆವರಿಸಿತು ಎಂದು ಬರೆಯಬಹುದಿತ್ತು. ಯಶೋದಮ್ಮ ಇದ್ದುದರಿಂದ ಅದು ಸಾಧ್ಯವಾಗಲಿಲ್ಲ. ಸಂಜೆ ಧಾರಾವಾಹಿ ನೋಡುವಾಗ ಅಳುವ ಜಾಗಗಳನ್ನು ಅತ್ತೆ ಸೊಸೆ ಹಂಚಿಕೊಂಡು ಅಳುತ್ತಿದ್ದರು. ಈಗ ಎಲ್ಲವನ್ನೂ ಯಶೋದಮ್ಮ ಒಬ್ಬಳೇ ಅಳಬೇಕಾಗಿತ್ತು.

"ಮನೇಲಿರೋದ್ನೆಲ್ಲ ಕೋರ್ಟಿಗೆ ಬರ್ಕೊಟ್ರಲ್ಲ, ನನ್ನೂ ಬರ್ಸುದ್ರಾ? ನನ್ ಮೌಲ್ಯ ಏಸು? ಕಾಲಂ ತುಂಬುಸ್ಬೇಕಲ್ಲ!"

"ಲೇ, ಸುಮ್ನಿರು. ನಾನೇನ್ ಬೇಕಂತ..."

"ನನ್ ಸೊಸೆ ಬರ್ಲಿಲ್ಲ ಅಂದ್ರೆ ನಾನೂ ತವ್ರಿಗೆ ಓಯ್ತೀನಿ. ಆಗ ಜೀವ್ನಾಂಸ ಕಟ್ರಿ. ಅದು ಅಳಿಯಕಿಲ್ವಂತಲ್ಲ, ನೀವೇ ಏಳುದ್ರಿ!"

ಶಶಿಧರ ಹಿತ್ತಲಿನಲ್ಲಿ ಮಡಚಿಟ್ಟ ಶಾಮಿಯಾನದ ಮೇಲೆ ಕೂತು ಫೋನಿನಲ್ಲಿ ಪಿಸುಗುಡುತ್ತಿದ್ದ. ಆ ಕಡೆಯಿಂದ ರಂಜಿತಳ ದನಿ ಬೇಲಿಯಾಚೆಗೂ ಕೇಳುತ್ತಿತ್ತು. "ನಮ್ಮಪ್ಪನ್ ಮಾತೂ ಕೆಳಕ್ಕೆ ಬೀಳ್ಬಾರ್ದು, ಮಾವನ್ ಮಾತೂ ಕೆಳಕ್ಕೆ ಬೀಳ್ಬಾರ್ದು. ನಾನ್ ಮಾತ್ರ ಅಲಗೂರು ಬಸ್ ಸ್ಟ್ಯಾಂಡಲ್ಲಿ ಬಿದ್ದಿರ್ಬೇಕಾ ರೀ?"

ಶಿವರಾಜು ರಘುನಂದನ್ ಬಳಿ ಓಡಿ, ಬೀಗರೂಟವನ್ನು ನಾಳೆಯೇ ಹಾಕಿಬಿಡುತ್ತೇನೆ, ಹೆಂಡತಿಯ ಸರ ಅಡವಿಟ್ಟಾದರೂ ಸರಿ ಎಂದ. ರಘುನಂದನ್ ಮೊದಲ ಬಾರಿಗೆ ಕ್ಯಾಲೆಂಡರು ಬಿಟ್ಟು ಕಕ್ಷಿದಾರನನ್ನು ನೋಡಿದ.

"ಹುಚ್ಚಾ? ಪಾಪರ್ ಅಂತ ಅರ್ಜಿ ಹಾಕಿ ಇನ್ನೂರು ಜನಕ್ಕೆ ಮಟನ್ ಹಾಕ್ತೀರಾ? ದುಂದುಗಾರ ಅಂತ ಅರ್ಜಿ ವಜಾ ಮಾಡಿಸ್ತಾರೆ ಪೀರ್ ಪಾಷಾ. ನೀವು ಜೈಲಿಗೆ."

ಊಟ ಹಾಕಿದರೆ ಜೈಲು. ಹಾಕದಿದ್ದರೆ ಸೊಸೆಯಿಲ್ಲ. ಪಾಪರ್ ಆದವನ ಪಾಡು ಪಾಪ ಎಂದು ಸುಮ್ಮನೆ ಹೇಳುವುದಿಲ್ಲ.

ವಿಚಾರಣೆಯ ದಿನ ಹಲಗೂರಿನಿಂದ ಎರಡು ಟೆಂಪೋ ಬಂದು ಮದ್ದೂರು ಕೋರ್ಟಿನ ಮುಂದೆ ನಿಂತವು. ಎಲ್ಲರೂ ಮದುವೆಗೆ ಉಟ್ಟ ಬಟ್ಟೆಯಲ್ಲೇ ಬಂದಿದ್ದರು. ಕೋರ್ಟಿನ ಜವಾನ ಬಾಗಿಲಿಗೆ ಬಂದು, ಎಲ್ಲ ಹೆಸರಿಗೂ ಬಾಲ ಎಳೆಯುವ ತನ್ನ ರಾಗದಲ್ಲಿ, "ಚಿಕ್ಕಣ್ಣಾಆ... ಚಿಕ್ಕಣ್ಣಾಆ... ಚಿಕ್ಕಣ್ಣಾಆ..." ಎಂದು ಕೂಗಿದ. ಮೂರು ಸಲ ಕರೆದದ್ದರಿಂದ ಚಿಕ್ಕಣ್ಣನ ತಮ್ಮಂದಿರಿಬ್ಬರೂ ಜೊತೆಗೆ ಎದ್ದು ಒಳಗೆ ಹೋದರು, ಅವರ ಹಿಂದೆ ಉಳಿದ ಟೆಂಪೋ ಜನವೂ ಹೋದರು.

ನ್ಯಾಯಾಧೀಶರು ನಡುವಯಸ್ಸಿನ ಹೆಂಗಸು. ಕನ್ನಡಕದ ಮೇಲಿನಿಂದ ಪಟ್ಟಿ ನೋಡಿದರು. ಕನ್ನಡಕದೊಳಗಿನಿಂದ ಮತ್ತೊಮ್ಮೆ ನೋಡಿದರು.

"ವಕೀಲರೇ, ಏನಿದು ಬೀಗರೂಟ?"

ರಘುನಂದನ್ ಗೋಡೆಯಲ್ಲಿ ಕ್ಯಾಲೆಂಡರು ಹುಡುಕಿದ. ಕೋರ್ಟಿನಲ್ಲಿ ಅದು ಅವನ ಬೆನ್ನ ಹಿಂದಿತ್ತು. "ಟೈಪಿಂಗ್ ಪ್ರಮಾದ ಮೇಡಂ. ಹೊಡೆದು ಹಾಕಬೇಕು ಅಂತ ಪ್ರಾರ್ಥನೆ."

"ಒಡ್ದಾಕದಾ?" ಹಿಂದಿನಿಂದ ಮುದ್ದಮ್ಮ. "ನಮ್ ಊಟವ ಒಡ್ದಾಕಕ್ಕೆ ಇವ್ನ್ಯಾರವ್ವಾ ಕರಿಕೋಟಿನೋನು?"

"ಸದ್ದು!" ಎಂದ ಜವಾನ.

ಆಗ ಇನ್ನೊಂದು ಕಡೆಯಿಂದ ಪೀರ್ ಪಾಷಾ ಎದ್ದರು. ಬಿಳಿ ಗಡ್ಡದ, ಮೆತ್ತಗಿನ ಮನುಷ್ಯ. ಕೋರ್ಟಿಗೆ ಬಂದಾಗಲೆಲ್ಲ ಮುರಿದ ಬೆಂಚು ನೋಡಿ ಮರುಗುವುದು ಅವರ ವೃತ್ತಿಧರ್ಮ.

"ಮೇಡಂ, ನಂದೂ ಒಂದು ಮಾತು. ಇವ್ರ ಅತ್ರ ಉಳ್ದಿರೋದು ನನ್ ನಾನೂರು ಕುರ್ಚಿ, ಹಳೇ ಪಾತ್ರೆ. ಅದ್ನ ಮಾರಿ ಸಾಲ ಕೊಟ್ಟೋರ್ಗೆಲ್ಲ ಹಂಚ್ತೀರಿ. ಬೀಗ್ರೂಟನೂ ಸಾಲ ಅಂದ್ರೆ ಅವ್ರಿಗೂ ಪಾಲು ಹೋಯ್ತದೆ. ನನ್ ಕುರ್ಚಿ ಮಾರಿ ಅವ್ರಿಗೆ ಮಟನ್ ಹಾಕೋದು ಯಾವ್ ನ್ಯಾಯ?"

"ನಿಮ್ ಕುರ್ಚಿ ನಮ್ಗ್ಯಾಕ್ ಸಾಹೇಬ್ರೆ!" ಚಿಕ್ಕಣ್ಣ ಕೈ ಮುಗಿದ. "ನಮ್ಗೆ ದುಡ್ಡೂ ಬ್ಯಾಡ. ಕೋರ್ಟ್ನೋರು ಚೆಕ್ ಕೊಟ್ರೂ ಈಸ್ಕಳಕಿಲ್ಲ. ಚೆಕ್ಕ ಮುದ್ದೆಗ್ ನಂಚ್ಕಳಕ್ಕಾದ್ದಾ?"

ನ್ಯಾಯಾಧೀಶರು ಪೆನ್ನನ್ನು ತುಟಿಗೆ ಅಡ್ಡ ಹಿಡಿದರು. "ಚಿಕ್ಕಣ್ಣನವರೇ, ಈ ಬಾಕಿಗೆ ಪತ್ರ ಇದೆಯಾ? ಸಾಕ್ಷಿ?"

ಎರಡು ಟೆಂಪೋ ಜನ ಒಟ್ಟಿಗೆ ಕೈ ಎತ್ತಿದರು.

"ಶಿವರಾಜು, ನೀವು ಊಟ ಹಾಕೋದಿಲ್ಲ ಅಂತ ಇಲ್ಲಿಗೆ ಬಂದ್ರಾ?"

ಶಿವರಾಜು ಮುಂದೆ ಬಂದ. ಯಾವ ಮೈಕೂ ಇರಲಿಲ್ಲ. "ಇಲ್ಲ ತಾಯಿ. ಮುಚ್ಚಿಟ್ರೆ ಮೋಸ ಅಂದ್ರು. ಮೋಸ ಆಗ್ಬಾರ್ದು ಅಂತ ಬರ್ಸ್ದೆ. ಬರ್ಸಿದ್ಕೆ ಸೊಸೆ ತವ್ರಲ್ಲೇ ಉಳ್ಕಂಡ್ಲು. ಇನ್ನೊಂದ್ ದಪ ಅವ್ಳು ಮನೆಗ್ ಬರ್ಲಿ, ನನ್ನ ಬೇಕಾದ್ರೆ ಜೈಲ್ಗಾಕಿ."

ಪೀರ್ ಪಾಷಾ ಬೆಂಚಿನ ಮುರಿದ ಕಾಲನ್ನು ನೋಡುತ್ತಾ ನಿಂತರು. ನ್ಯಾಯಾಧೀಶರು ಬರೆಯತೊಡಗಿದರು, ಬರೆಯುತ್ತಲೇ ಓದಿದರು.

"ಬೀಗರೂಟ ಹಣದ ಸಾಲವಲ್ಲ. ಆದ್ದರಿಂದ ಅದನ್ನು ಪಟ್ಟಿಯಿಂದ ತೆಗೆದಿದೆ."

"ಓಯ್ತು!" ಎಂದು ಮುದ್ದಮ್ಮ ನೆಲಕ್ಕೆ ಕುಸಿದಳು. ಎರಡು ಟೆಂಪೋ ಜನ ಒಟ್ಟಿಗೆ ಎದ್ದರು. ಜವಾನನ ಸದ್ದು ಯಾರಿಗೂ ಕೇಳಿಸಲಿಲ್ಲ.

"ಪೂರ್ತಿ ಕೇಳಿ!" ನ್ಯಾಯಾಧೀಶರ ಮೇಜು ಒಮ್ಮೆ ಅದುರಿತು. "ಪಟ್ಟಿಯಲ್ಲಿರೋ ಸಾಲವನ್ನ ಮಾತ್ರ ಈ ಕೋರ್ಟು ಅಳಿಸಬಹುದು. ಪಟ್ಟಿಯಲ್ಲಿ ಇಲ್ಲದ್ದನ್ನ ಅಳಿಸೋ ಅಧಿಕಾರ ನನಗಿಲ್ಲ. ಕುರ್ಚಿ ಸಾಲ ಹೋಗಬಹುದು, ಫೈನಾನ್ಸು ಹೋಗಬಹುದು. ಬೀಗರೂಟ ಹಾಗೇ ಇರುತ್ತೆ. ಅರ್ಥ ಆಯ್ತಾ ಅಜ್ಜೀ?"

ಮುದ್ದಮ್ಮ ನೆಲದಿಂದಲೇ ಕೇಳಿದಳು. "ಅಂಗಂದ್ರೆ ಯಾವತ್ತೂ ಓಗಕಿಲ್ವಾ?"

"ಯಾವತ್ತೂ ಹೋಗಲ್ಲ."

"ಜಡ್ಜಮ್ಮ ಅಂದ್ರೆ ಇಂಗಿರ್ಬೇಕು," ಎಂದು ಅವಳು ಎದ್ದು ಸೆರಗು ಕೊಡವಿದಳು. ಹಲಗೂರು ಗೆದ್ದಿತ್ತು. ರಘುನಂದನ್ ಹಣೆ ಒರೆಸಿಕೊಂಡ. ತಮ್ಮ ಕುರ್ಚಿಯಲ್ಲಿ ಮಟನ್ನಿಗೆ ಪಾಲು ಇಲ್ಲವೆಂದು ಪೀರ್ ಪಾಷಾ ನೆಮ್ಮದಿಯ ಉಸಿರು ಬಿಟ್ಟರು. ಎಲ್ಲರಿಗಿಂತ ಹಗುರಾದವನು ಶಿವರಾಜು. ತಾನು ಉಳಿಸಿಕೊಂಡ ಸಾಲಕ್ಕೆ ಇಷ್ಟು ಜನ ನಗುವುದನ್ನು ಅವನು ಹಿಂದೆಂದೂ ಕಂಡಿರಲಿಲ್ಲ.

"ಆದರೆ," ಎಂದರು ನ್ಯಾಯಾಧೀಶರು, "ಬಿಡುಗಡೆ ಆದೇಶ ಆಗೋವರೆಗೆ ಅರ್ಜಿದಾರರು ಯಾವ ದುಂದು ಖರ್ಚೂ ಮಾಡುವ ಹಾಗಿಲ್ಲ."

ನಗು ನಿಂತಿತು. ಕೋರ್ಟಿನ ಆವರಣಕ್ಕೆ ಬಂದ ಮೇಲೆ ಚಿಕ್ಕಣ್ಣ ಹೊಂಗೆ ಮರದಡಿ ನಿಂತು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಅವನ ಸಿಟ್ಟು ಇಳಿದಿತ್ತು. ಕಷ್ಟವೆಂದರೆ, ಸಿಟ್ಟು ಇಳಿದ ಮೇಲೂ ಮಾತು ಅಲ್ಲೇ ನಿಂತಿತ್ತು.

"ಬೀಗ್ರೇ, ನೀವ್ ಒಳ್ಳೇರು ಅಂತ ಗೊತ್ತಾಯ್ತು. ಆದ್ರೆ ಅರ್ಧ ಊರಿನ ಮುಂದೆ ಅಂದ್ಬುಟ್ಟಿವ್ನಿ. ಬೀಗ್ರೂಟ ಉಣ್ಣದೆ ಮಗ್ಳ ಕಳ್ಸಕ್ಕೆ ನಂಗೂ ಮೋರೆ ಬೇಕಲ್ಲ?"

ಯಶೋದಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಶಶಿಧರ ಟೆಂಪೋದ ಟೈರು ಒದ್ದ.

ರಂಜಿತ ಟೆಂಪೋದಿಂದ ತನ್ನ ಬ್ಯಾಗು ಇಳಿಸಿದಳು.

"ಅಪ್ಪಾ, ನಿನ್ ಅಂಗಡೀಲಿ ಗೊಬ್ರ ಉದ್ದರಿ ತಗೊಂಡೋನು ದುಡ್ ಕೊಡ್ದಿದ್ರೆ ಏನ್ ಮಾಡ್ತೀಯಾ?"

"ಅವ್ರಟ್ಟಿಗೋಗಿ ಜಗ್ಲಿ ಮ್ಯಾಲೆ ಕುಂತ್ಕತೀನಿ. ಕೊಡೋಗಂಟ ಏಳಕಿಲ್ಲ."

"ಮತ್ತೆ? ಸಾಲ ಕೊಡ್ಬೇಕಾದೋರು ಮದ್ದೂರಲ್ಲವ್ರೆ, ಈಸ್ಕಬೇಕಾದ ನಾನ್ ಅಲಗೂರಲ್ ಕುಂತಿದ್ರೆ ವಸೂಲಿ ಎಂಗಾಯ್ತದೆ? ನೀನೇನು ನನ್ನ ಗಂಡನ್ ಮನೆಗೆ ಕಳುಸ್ತಾ ಇಲ್ಲ. ನಾನ್ ವಸೂಲಿಗೆ ಓಯ್ತಾ ಇವ್ನಿ. ಕೊಡೋಗಂಟ ಏಳಕಿಲ್ಲ."

ಎರಡು ಟೆಂಪೋ ಜನ ಈ ಮಾತನ್ನು ನಿಧಾನವಾಗಿ ನುಂಗಿದರು. ಚಿಕ್ಕಣ್ಣ ಒಮ್ಮೆ ತಮ್ಮಂದಿರ ಮುಖ ನೋಡಿದ, ಒಮ್ಮೆ ಮುದ್ದಮ್ಮನ ಮುಖ ನೋಡಿದ.

"ನೋಡ್ರಪ್ಪಾ," ಎಂದು ಎಲ್ಲರಿಗೂ ಕೇಳುವಂತೆ ಗಂಟಲೆತ್ತಿದ. "ನಾನೇನ್ ಬಗ್ಗಿಲ್ಲ. ನಮ್ ಕಡೆಯಿಂದ ವಸೂಲಿಗೆ ಜನ ಕೂರುಸ್ತಾ ಇವ್ನಿ. ಬೀಗ್ರೇ, ಉಸಾರು! ನಮ್ಮುಡ್ಗಿ ಬಾಳ ಕಟ್ನಿಟ್ಟು."

"ಅಯ್ಯೋ, ಎಸ್ಟ್ ವರ್ಸ ಬೇಕಾದ್ರೂ ಕೂತ್ಕಳ್ಳಿ ಬುಡಿ ಬೀಗ್ರೇ!" ಎಂದು ಯಶೋದಮ್ಮ ಬ್ಯಾಗನ್ನು ಕಿತ್ತುಕೊಂಡು, ಯಾರಾದರೂ ಮನಸ್ಸು ಬದಲಿಸುವ ಮೊದಲೇ ಗೂಡ್ಸ್ ಆಟೋ ಹತ್ತಿದಳು.

ಮಖಮಲ್ಲಿನ ಕುರ್ಚಿಗಳು ಹರಾಜಾದವು. ಕೊಂಡವರು ಪೀರ್ ಪಾಷಾ ಅವರೇ, ಅರ್ಧ ಬೆಲೆಗೆ. ಬಿಡುಗಡೆ ಆದೇಶವೂ ಬಂತು, ಡಿಕ್ರಿ ಅಳಿಯಿತು. ಸರ್ಕಾರದ ದಂಡ ಅಳಿಯದೆ ಕಂತಿನಲ್ಲಿ ಹೋಗುತ್ತಿದೆ. ಶಿವರಾಜು ಮತ್ತೆ ಪಟ್ಟೆ ಬಟ್ಟೆಯ ನೆರಳು ಮಾರುತ್ತಿದ್ದಾನೆ.

ಮೊನ್ನೆ ಚಿಕ್ಕಣ್ಣ ಫೋನು ಮಾಡಿದ. ರಂಜಿತ ಅತ್ತೆಯ ಪಕ್ಕ ಕೂತು ಬಿಸಿ ಮುದ್ದೆ, ಬಸ್ಸಾರು ಉಣ್ಣುತ್ತಿದ್ದಳು.

"ಏನವ್ವಾ, ಆದೇಸ ಬಂದು ಆರ್ ತಿಂಗ್ಳಾಯ್ತು. ವಸೂಲಿ ಎಲ್ಲಿಗ್ ಬಂತು?"

"ಬರೀ ಬಡ್ಡಿ ಕಟ್ತಾವ್ರೆ ಕಣಪ್ಪಾ. ದಿನಾ ಎರಡೊತ್ತು, ತಪ್ಪುಸ್ದಂಗೆ."

"ಅಸಲು?"

"ಬರೋ ಶನಿವಾರ ಮರಿ ಕಡ್ದು ಪೂರ್ತಿ ತೀರುಸ್ಬುಡ್ತೀನಿ ಅಂತವ್ರೆ ಮಾವ."

ಫೋನಿನಲ್ಲಿ ತಕ್ಕಡಿ ಕೆಳಗಿಟ್ಟ ಸದ್ದು ಬಂತು. ಆಮೇಲೆ ಚಿಕ್ಕಣ್ಣ ದನಿ ತಗ್ಗಿಸಿದ.

"ಬಾಕಿ ಈಸ್ಕಂಡ್ ಮ್ಯಾಲೆ ನೀನ್ ಎದ್ ಬರಬೇಕಾಯ್ತದೇನವ್ವಾ?"

"ಅದ್ಕೇ ಯೋಚ್ನೆ ಮಾಡ್ತಾ ಇವ್ನಿ ಅಪ್ಪಾ."

"ಅಂಗಾರೆ ಶನಿವಾರ ಊಟಕ್ ಬತ್ತೀವಿ. ಉಂಡು, ಉಪ್ಪು ಕಮ್ಮಿ ಅಂತ ತಕರಾರು ಮಾಡಿ ಓಯ್ತೀವಿ. ವಸಿ ಬಾಕಿ ಉಳೀಲಿ ಬುಡು."